ಕೆಂಪು ಕಲ್ಲಿನ ಊರು ಬೀದರ್: ನೀರು, ಮಣ್ಣು, ಅನ್ನ



ಕರ್ನಾಟಕದ ನಕಾಶೆಯನ್ನು ಗೋಡೆಗೆ ತೂಗುಹಾಕಿ ನೋಡಿ. ತೀರ ಮೇಲ್ತುದಿಯಲ್ಲಿ, ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ ಒತ್ತರಿಸಿಕೊಂಡಿರುವ ಜಾಗದಲ್ಲಿ ಬೀದರ್ ಇದೆ. ಭಾಷಣಗಳಲ್ಲಿ ಇದನ್ನು 'ಕರ್ನಾಟಕದ ಕಿರೀಟ' ಎಂದು ಕರೆಯುವುದು ವಾಡಿಕೆ. ಆದರೆ ಬೆಂಗಳೂರು, ಮೈಸೂರುಗಳ ಕಡೆಯ ನಮ್ಮಲ್ಲಿ ಎಷ್ಟು ಜನ ಈ ಕಿರೀಟವನ್ನು ಕಣ್ಣಾರೆ ಕಂಡಿದ್ದೇವೆ? ಹಂಪಿ, ಬಾದಾಮಿ, ಬೇಲೂರುಗಳಿಗೆ ಹೋದವರೂ ಬೀದರನ್ನು 'ಬಹಳ ದೂರ' ಎಂಬ ಒಂದೇ ಮಾತಿನಿಂದ ಬಿಟ್ಟುಬಿಡುತ್ತಾರೆ. ಹೈದರಾಬಾದಿನಿಂದ ಸುಮಾರು 140 ಕಿಲೋಮೀಟರು ಮಾತ್ರ ದೂರವಿರುವ ಈ ಊರು ತನ್ನ ರಾಜಧಾನಿಯ ಜನರಿಗೇ ದೂರವಾಗಿರುವುದು ವಿಪರ್ಯಾಸ.

ದೂರದರ್ಶನದ ಪರದೆಯ ಮೇಲೆ ಒಂದು ಊರನ್ನು ತೋರಿಸುವುದು ಸುಲಭ. ಕೋಟೆಯ ಬಾಗಿಲು, ಗುಮ್ಮಟ, ಸಂಜೆಯ ಸೂರ್ಯ, ಹಿನ್ನೆಲೆಗೆ ಒಂದಿಷ್ಟು ಸಿತಾರ್ ವಾದನ; ಇಷ್ಟಾದರೆ ಕಾರ್ಯಕ್ರಮದ ಅರ್ಧ ಅವಧಿ ಮುಗಿದಿರುತ್ತದೆ. ಆದರೆ ಆ ಊರು ಅಲ್ಲಿಯೇ ಏಕೆ ಹುಟ್ಟಿತು, ಹೇಗೆ ಬದುಕಿತು, ಅಲ್ಲಿಯ ಜನ ಏನು ಕುಡಿದರು, ಏನು ಉಂಡರು ಎಂಬ ಪ್ರಶ್ನೆಗಳನ್ನು ಕ್ಯಾಮೆರಾ ಕೇಳುವುದಿಲ್ಲ. ಆ ಕೆಲಸವನ್ನು ಈ ಪುಟಗಳಲ್ಲಿ ಮಾಡೋಣ. ವಿಜ್ಞಾನ ಓದಿದ ನನ್ನಂಥವನಿಗೆ ಬೀದರ್ ಎಂದರೆ ಸುಲ್ತಾನರ ವಂಶಾವಳಿ ಮಾತ್ರವಲ್ಲ. ಅದು ಒಂದು ಕಲ್ಲಿನ ಕಥೆ, ಆ ಕಲ್ಲಿನೊಳಗೆ ಹರಿಯುವ ನೀರಿನ ಕಥೆ, ಮತ್ತು ನಾಲಿಗೆಯಿಂದ ಪರೀಕ್ಷಿಸುವ ಒಂದು ಹಿಡಿ ಮಣ್ಣಿನ ಕಥೆ.

ಜಂಬಿಟ್ಟಿಗೆಯ ಮೇಲೊಂದು ರಾಜಧಾನಿ

ಬೀದರಿಗೆ ಹೋದವರಿಗೆ ಮೊದಲು ಕಾಣುವುದು ಬಣ್ಣ. ನೆಲ ಕೆಂಪು, ಗೋಡೆ ಕೆಂಪು, ಕೋಟೆ ಕೆಂಪು. ಸುತ್ತಲಿನ ಜಿಲ್ಲೆಗಳಲ್ಲಿ ಕಪ್ಪು ಎರೆಮಣ್ಣು ಕಣ್ಣಿಗೆ ಎಟುಕುವವರೆಗೂ ಹಾಸಿದ್ದರೆ, ಇಲ್ಲಿ ಮಾತ್ರ ಒಂದು ಎತ್ತರದ ಪ್ರಸ್ಥಭೂಮಿ ಕೆಂಪು ಟೋಪಿ ಹಾಕಿಕೊಂಡು ನಿಂತಂತಿದೆ. ಈ ಕೆಂಪು ಟೋಪಿಯೇ ಜಂಬಿಟ್ಟಿಗೆ ಕಲ್ಲು. ಭೂವಿಜ್ಞಾನಿಗಳು ಇದನ್ನು 'ಲ್ಯಾಟರೈಟ್' ಎನ್ನುತ್ತಾರೆ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಫ್ರಾನ್ಸಿಸ್ ಬುಕಾನನ್ ಈ ಹೆಸರನ್ನು ಕೊಟ್ಟ. ಲ್ಯಾಟಿನ್ ಭಾಷೆಯ 'ಇಟ್ಟಿಗೆ' ಎಂಬ ಅರ್ಥದ ಪದದಿಂದ ಅದು ಬಂದಿದೆ. ನಮ್ಮ ಕನ್ನಡದ ಹೆಸರಿನಲ್ಲೂ ಇಟ್ಟಿಗೆ ಇರುವುದನ್ನು ನೀವು ಗಮನಿಸಿರಬಹುದು. ಕಾರಣ ಸರಳ. ನೆಲದಿಂದ ತೆಗೆಯುವಾಗ ಈ ಕಲ್ಲು ಮೆದು. ಕೊಡಲಿಯಂಥ ಸಲಕರಣೆಯಿಂದ ಬೇಕಾದ ಅಳತೆಗೆ ಕತ್ತರಿಸಬಹುದು. ಗಾಳಿ ಬಿಸಿಲುಗಳಿಗೆ ಒಡ್ಡಿದ ಮೇಲೆ ಅದೇ ಗಟ್ಟಿಯಾಗುತ್ತದೆ. ಕೋಟೆ ಕಟ್ಟುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಬಹಮನಿ ರಾಜ್ಯ 1347ರಲ್ಲಿ ಹುಟ್ಟಿದಾಗ ಅದರ ರಾಜಧಾನಿ ಕಲಬುರಗಿ. 1422ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಅಹಮದ್ ಶಹಾ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಬದಲಾಯಿಸಿದ. ಊರಿನ ಹೆಸರು 'ಬಿದಿರು' ಎಂಬುದರಿಂದ ಬಂತೆಂದು ಕೆಲವರು, ಮಹಾಭಾರತದ ವಿದುರನಿಂದ ಬಂತೆಂದು ಇನ್ನು ಕೆಲವರು ಹೇಳುತ್ತಾರೆ. ಹೆಸರು ಎಲ್ಲಿಂದಲೇ ಬಂದಿರಲಿ, ಜಾಗದ ಆಯ್ಕೆಯಲ್ಲಿ ಮಾತ್ರ ಅಹಮದ್ ಶಹಾ ಜಾಣತನ ತೋರಿದ. ಎತ್ತರದ ನೆಲ, ಅಂಚಿನಲ್ಲಿ ಕಡಿದಾದ ಇಳಿಜಾರು, ಕತ್ತರಿಸಲು ಸುಲಭವಾದ ಕಲ್ಲು. 1429ರಿಂದ 1432ರ ಅವಧಿಯಲ್ಲಿ ಎದ್ದ ಕೋಟೆಯ ಸುತ್ತ, ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕವನ್ನು ಇಂದಿಗೂ ನೋಡಬಹುದು. ಎರಡು ಸಾಲುಗಳ ನಡುವೆ ಬಂಡೆಯನ್ನು ಗೋಡೆಯಂತೆ ಉಳಿಸಿಕೊಂಡಿರುವ ರೀತಿ ನೋಡುವಂಥದ್ದು. ಮಣ್ಣಿನ ಗುಣ ಬಲ್ಲವರ ಕೆಲಸ ಅದು.

ಕೋಟೆಯೊಳಗೆ ನೋಡಬೇಕಾದ್ದು ಬಹಳ. ಹದಿನಾರು ಕಂಬಗಳಿಂದ ಹೆಸರು ಪಡೆದ ಸೋಲಾ ಖಂಬ ಮಸೀದಿ, ಅಲ್ಲಿಯ ಶಾಸನದ ಪ್ರಕಾರ 1423–24ರದು. ಅಂದರೆ ಈಗಿನ ಕೋಟೆಗಿಂತಲೂ ಸ್ವಲ್ಪ ಹಳೆಯದು. ತಖ್ತ್ ಮಹಲಿನಲ್ಲಿ ಉಳಿದಿರುವ ಬಣ್ಣದ ಹೆಂಚುಗಳಲ್ಲಿ ಸಿಂಹ ಮತ್ತು ಸೂರ್ಯನ ಲಾಂಛನ ಗುರುತಿಸಬಹುದು. ಗಗನ್ ಮಹಲ್, ತರ್ಕಶ್ ಮಹಲ್, 'ಶಾಹಿ ಮತ್ಬಖ್' ಅಂದರೆ ಅರಮನೆಯ ಅಡುಗೆಮನೆ ಎಂದು ಹೆಸರಾದ ಕಟ್ಟಡ, ಅರಸರ ಸ್ನಾನಗೃಹ ಇವೆಲ್ಲ ಒಂದೇ ಆವರಣದಲ್ಲಿವೆ. ಸ್ನಾನಗೃಹದಲ್ಲಿ ಈಗ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಸಮಯ ಕಡಿಮೆ ಇದ್ದವರು ರಂಗೀನ್ ಮಹಲೊಂದನ್ನಾದರೂ ಬಿಡಬಾರದು. ಬರೀದ್ ಶಾಹಿ ಅರಸರಲ್ಲಿ ಪ್ರಮುಖನಾದ ಅಲಿ ಬರೀದ್ (1542–1580) ಇದನ್ನು ಸಿಂಗರಿಸಿದ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿ ಬಳ್ಳಿ, ಅಕ್ಷರಗಳನ್ನು ಬಿಡಿಸಿದ್ದಾರೆ. ಕಪ್ಪಿನ ಮೇಲೆ ಬಿಳಿ ಹೊಳಪು: ಈ ಸೊಬಗನ್ನು ನೆನಪಿನಲ್ಲಿಡಿ; ಮುಂದೆ ಬಿದರಿ ಪಾತ್ರೆಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ನೆಲದೊಳಗಿನ ಹೊಳೆ

ಎತ್ತರದ ಮೇಲೆ ಊರು ಕಟ್ಟುವವರಿಗೆ ಎದುರಾಗುವ ಮೊದಲ ತೊಂದರೆ ನೀರು. ಹೊಳೆ ಕೆಳಗೆ, ಊರು ಮೇಲೆ. ಬೀದರಿನಲ್ಲಿ ಇದಕ್ಕೆ ಪರಿಹಾರ ಕೊಟ್ಟದ್ದೂ ಆ ಕೆಂಪು ಕಲ್ಲೇ.

ಜಂಬಿಟ್ಟಿಗೆಯ ತುಂಡೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಜೇನುಗೂಡಿನಂತೆ ತೂತುಗಳು ಕಾಣುತ್ತವೆ. ಮಳೆಯ ನೀರು ಈ ತೂತುಗಳ ಮೂಲಕ ಕೆಳಗಿಳಿಯುತ್ತದೆ. ಆದರೆ ಜಂಬಿಟ್ಟಿಗೆಯ ಅಡಿಯಲ್ಲಿ ಜೇಡಿಯ ಪದರ, ಅದರ ಕೆಳಗೆ ದಖನ್ನಿನ ಗಟ್ಟಿ ಕಪ್ಪು ಕಲ್ಲು. ಅಲ್ಲಿಗೆ ಬಂದ ನೀರು ಮುಂದೆ ಇಳಿಯಲಾರದೆ ಅಡ್ಡಲಾಗಿ ಸರಿಯುತ್ತದೆ. ಪ್ರಸ್ಥಭೂಮಿಯ ಅಂಚಿನಲ್ಲಿ ದಾರಿ ಸಿಕ್ಕ ಕಡೆ ಒರತೆಯಾಗಿ ಹೊರಬರುತ್ತದೆ. ಊರೇ ಒಂದು ದೊಡ್ಡ ಸ್ಪಂಜಿನ ಮೇಲೆ ಕುಳಿತಿದೆ ಎಂದುಕೊಳ್ಳಿ.

ಈಗ ಬೀದರಿನ ಪುಣ್ಯಸ್ಥಳಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಿ. ನರಸಿಂಹ ಝರಣಿ: ಬೆಟ್ಟದೊಳಗಿನ ಸುಮಾರು 300 ಮೀಟರು ಉದ್ದದ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದುಹೋಗಿ ದೇವರ ದರ್ಶನ ಪಡೆಯಬೇಕು. ಪಾಪನಾಶ: ಶಿವನ ಗುಡಿಯ ಪಕ್ಕದಲ್ಲಿ ಒರತೆಯ ಕೊಳ. ನಾನಕ್ ಝೀರಾ: ಸಿಖ್ಖರ ಗುರುದ್ವಾರ, ಅಲ್ಲಿಯೂ ಕಲ್ಲಿನೊಳಗಿಂದ ಬರುವ ಸಿಹಿನೀರಿನ ಝರಿ. ಹದಿನಾರನೆಯ ಶತಮಾನದ ಆರಂಭದಲ್ಲಿ ಗುರು ನಾನಕರು ದಕ್ಷಿಣದ ಯಾತ್ರೆಯಲ್ಲಿ ಇಲ್ಲಿಗೆ ಬಂದರು, ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರ ಮೊರೆ ಕೇಳಿ ಪಾದದಿಂದ ಕಲ್ಲು ಸರಿಸಿದಾಗ ನೀರು ಚಿಮ್ಮಿತು ಎಂಬುದು ಭಕ್ತರ ನಂಬಿಕೆ. ಮೂರು ಸ್ಥಳ, ಮೂರು ಶ್ರದ್ಧೆ. ಆದರೆ ಮೂರಕ್ಕೂ ನೀರು ಕೊಡುತ್ತಿರುವ ಕಲ್ಲು ಒಂದೇ. ಭೂವಿಜ್ಞಾನ ಇಲ್ಲಿ ಭಕ್ತಿಯ ವಿರುದ್ಧ ಸಾಕ್ಷಿ ಹೇಳುವುದಿಲ್ಲ. ಎಲ್ಲರ ತೀರ್ಥವೂ ಒಂದೇ ಒಡಲಿನದು ಎಂದಷ್ಟೇ ಹೇಳುತ್ತದೆ.

ತಾನಾಗಿ ಬರುವ ಒರತೆಯಿಂದ ರಾಜಧಾನಿಯ ಬಾಯಾರಿಕೆ ತೀರದು. ಬಹಮನಿ ಅರಸರು ಇರಾನಿನಿಂದ ಸೂಫಿಗಳನ್ನು, ವಿದ್ವಾಂಸರನ್ನು, ಕುಶಲಕರ್ಮಿಗಳನ್ನು ಬರಮಾಡಿಕೊಂಡರು. ಕಿರ್ಮಾನಿನ ಸಂತ ಶಾಹ್ ನಿಯಾಮತುಲ್ಲಾನ ಮಗ ಖಲೀಲುಲ್ಲಾ ಬೀದರಿಗೆ ಬಂದು ನೆಲೆಸಿದ; ಅಷ್ಟೂರಿನ ದಾರಿಯಲ್ಲಿರುವ ಎಂಟು ಮೂಲೆಯ 'ಚೌಖಂಡಿ' ಅವನ ಸಮಾಧಿ. ಹೀಗೆ ಬಂದ ಸಂಪರ್ಕದ ಜೊತೆಗೆ ಒಂದು ವಿದ್ಯೆಯೂ ಬಂತು. ಇರಾನಿನಲ್ಲಿ ಅದಕ್ಕೆ 'ಕನಾತ್' ಅಥವಾ 'ಕರೇಜ್' ಎಂದು ಹೆಸರು. ನಮ್ಮ ಬೀದರಿನವರು 'ಸುರಂಗ ಬಾವಿ' ಎನ್ನುತ್ತಾರೆ.

ಇದರ ತತ್ವ ಹೀಗಿದೆ. ಎತ್ತರದ ಜಾಗದಲ್ಲಿ ನೀರಿನ ಮಟ್ಟ ತಾಗುವವರೆಗೆ ಒಂದು ಮೂಲ ಬಾವಿ ತೋಡುತ್ತಾರೆ. ಅಲ್ಲಿಂದ ನೆಲದೊಳಗೇ ಒಂದು ಸುರಂಗವನ್ನು, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ, ಊರಿನ ಕಡೆಗೆ ಕೊರೆಯುತ್ತಾರೆ. ಇಳಿಜಾರು ಹೆಚ್ಚಾದರೆ ನೀರಿನ ರಭಸಕ್ಕೆ ಸುರಂಗ ಕೊರೆದುಹೋಗುತ್ತದೆ. ಕಡಿಮೆಯಾದರೆ ಹೂಳು ತುಂಬುತ್ತದೆ. ನಡುನಡುವೆ ಮೇಲಿನಿಂದ ಲಂಬವಾದ ಬಾವಿಗಳು. ಮಣ್ಣು ಹೊರಹಾಕಲು, ಗಾಳಿ ಬೆಳಕಿಗೆ, ಮುಂದೆ ದುರಸ್ತಿಗೆ ಇವೇ ದಾರಿ. ಪಂಪು ಬೇಡ, ಎತ್ತು ಬೇಡ. ಭೂಮಿಯ ಗುರುತ್ವಾಕರ್ಷಣೆ ಒಂದೇ ಸಾಕು. ನೀರು ಬಿಸಿಲಿಗೆ ಆರಿಹೋಗುವುದಿಲ್ಲ, ವೈರಿ ಮುತ್ತಿಗೆ ಹಾಕಿದರೂ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ನಗರದ ಹೊರವಲಯದ ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದವಾಗಿ ಸಾಗುತ್ತದೆ. ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಇನ್ನೂ ಎರಡು ವ್ಯವಸ್ಥೆಗಳು ಇಲ್ಲಿವೆ.

ನಲ್ಲಿ ಬಂದ ಮೇಲೆ ಈ ವಿದ್ಯೆಯನ್ನು ಜನ ಮರೆತರು. ಲಂಬ ಬಾವಿಗಳು ಕಸದ ಗುಂಡಿಗಳಾದವು. ಕೆಲವುಗಳ ಮೇಲೆ ರಸ್ತೆ, ಮನೆಗಳು ಎದ್ದವು. 2010ರ ದಶಕದ ಮಧ್ಯಭಾಗದಲ್ಲಿ ಭೂಗೋಳ ತಜ್ಞರ ಅಧ್ಯಯನ ಮತ್ತು ಜಿಲ್ಲಾ ಆಡಳಿತದ ಆಸಕ್ತಿಯಿಂದ ನೌಬಾದಿನ ಕರೇಜಿನ ಹೂಳು ತೆಗೆಯುವ ಕೆಲಸ ನಡೆದಾಗ, ಶತಮಾನಗಳ ಹಿಂದಿನ ಸುರಂಗದಲ್ಲಿ ಮತ್ತೆ ನೀರು ಕಾಣಿಸಿತು. ಇದರಲ್ಲಿ ಒಂದು ಪಾಠವಿದೆ. ಸ್ಮಾರಕವೆಂದರೆ ನೆಲದ ಮೇಲೆ ನಿಂತಿದ್ದು ಮಾತ್ರವಲ್ಲ. ಗುಮ್ಮಟ ಬಿದ್ದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಸುರಂಗ ಕುಸಿದರೆ ಯಾರಿಗೂ ತಿಳಿಯುವುದಿಲ್ಲ. ಸ್ಪಂಜಿನ ಮೇಲ್ಮೈಯನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿ, ಕೆಳಗಿನಿಂದ ಕೊಳವೆಬಾವಿಗಳಲ್ಲಿ ಹೀರುತ್ತಾ ಹೋದರೆ ಕರೇಜ್ ಮಾತ್ರವಲ್ಲ, ಝರಣಿಯೂ ಝೀರಾವೂ ಬತ್ತಬೇಕಾಗುತ್ತದೆ.

ಒಬ್ಬ ವ್ಯಾಪಾರಿ, ಒಂದು ವಿದ್ಯಾಲಯ

ಬೀದರಿನ ಇತಿಹಾಸದಲ್ಲಿ ಅರಸರಿಗಿಂತ ಹೆಚ್ಚಿನ ಗೌರವದಿಂದ ನೆನೆಯುವ ಹೆಸರು ಒಬ್ಬ ಮಂತ್ರಿಯದು. ಇರಾನಿನ ಗೀಲಾನ್ ಪ್ರಾಂತದ ಖ್ವಾಜಾ ಮಹಮೂದ್ ಗವಾನ್ 1453ರಲ್ಲಿ ವ್ಯಾಪಾರಿಯಾಗಿ ಇಲ್ಲಿಗೆ ಬಂದ. ತನ್ನ ಯೋಗ್ಯತೆಯಿಂದ ರಾಜ್ಯದ ಪ್ರಧಾನಿಯಾದ. ಆಡಳಿತ, ಯುದ್ಧ, ಪತ್ರಸಾಹಿತ್ಯ ಎಲ್ಲದರಲ್ಲೂ ಪಳಗಿದ್ದ ಈತ 1472ರಲ್ಲಿ ಕಟ್ಟಿಸಿದ ಮದರಸಾ ಊರಿನ ನಡುವೆ ಇಂದಿಗೂ ನಿಂತಿದೆ. 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು; ನಡುವೆ ವಿಶಾಲ ಅಂಗಳ, ಸುತ್ತಲೂ ಅಧ್ಯಾಪಕರಿಗೆ ವಿದ್ಯಾರ್ಥಿಗಳಿಗೆ ಕೋಣೆಗಳು. ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯವಿತ್ತೆಂದು ಹೇಳುತ್ತಾರೆ. ಮುಂಭಾಗಕ್ಕೆ ನೀಲಿ, ಹಸಿರು, ಹಳದಿ ಹೆಂಚುಗಳ ಹೊದಿಕೆ. ಉಳಿದಿರುವ ಒಂದೇ ಮಿನಾರಿನ ಮೇಲೆ ಅದರ ಅವಶೇಷಗಳನ್ನು ಬೆಳಗಿನ ಬಿಸಿಲಿನಲ್ಲಿ ನೋಡಬೇಕು.

ಇದೇ ಕಾಲದಲ್ಲಿ, 1470ರ ಆಸುಪಾಸಿನಲ್ಲಿ, ರಷ್ಯದ ತ್ವೇರ್ ನಗರದ ಅಫನಾಸಿ ನಿಕಿತಿನ್ ಎಂಬ ವರ್ತಕ ಬೀದರಿಗೆ ಬಂದಿದ್ದ. ಒಂದು ಕುದುರೆಯನ್ನು ಮಾರುವ ಆಸೆಯಿಂದ ಅಷ್ಟು ದೂರ ಬಂದವನು! ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು, ಒಳಹೋಗುವವರ ಹೊರಬರುವವರ ಹೆಸರು ಬರೆದುಕೊಳ್ಳಲು ನೂರು ಬರಹಗಾರರು ಎಂದು ಅವನು ಬರೆದಿಟ್ಟಿದ್ದಾನೆ. ಸರದಾರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಒಂದೇ ಉಸಿರಿನಲ್ಲಿ ದಾಖಲಿಸಿದ ಅವನ ಕಣ್ಣು ದೊಡ್ಡದು. 1957ರಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟ ಜೊತೆಗೂಡಿ ತಯಾರಿಸಿದ 'ಪರದೇಸಿ' ಚಿತ್ರ ಈ ನಿಕಿತಿನನ ಕಥೆಯನ್ನು ಆಧರಿಸಿದ್ದು ಎಂಬುದನ್ನು ಹಿರಿಯ ಓದುಗರು ಬಲ್ಲರು.

ಅಂಥ ಗವಾನನ ಕೊನೆ ದಾರುಣ. ಆಸ್ಥಾನದಲ್ಲಿ 'ದಖನಿಗರು' ಮತ್ತು 'ಪರದೇಶಿಗಳು' ಎಂಬ ಎರಡು ಬಣಗಳ ಜಗಳ ಬಿಗಡಾಯಿಸಿತ್ತು. ವಿರೋಧಿಗಳು ಮುದ್ರೆಯ ಅಧಿಕಾರಿಯನ್ನು ಒಲಿಸಿ ಖಾಲಿ ಕಾಗದಕ್ಕೆ ಗವಾನನ ಮುದ್ರೆ ಒತ್ತಿಸಿ, ಒರಿಸ್ಸಾದ ಅರಸನಿಗೆ ಬರೆದ ದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. ಮೂರನೆಯ ಮಹಮ್ಮದ್ ಶಹಾ ವಿಚಾರಿಸದೆ ಮರಣದಂಡನೆ ವಿಧಿಸಿದ. 1481ರ ಏಪ್ರಿಲಿನಲ್ಲಿ ಕೊಂಡಪಲ್ಲಿಯಲ್ಲಿ ಎಪ್ಪತ್ತು ದಾಟಿದ ಮುದುಕನ ತಲೆ ಉರುಳಿತು. ಅವನ ಖಜಾನೆಯನ್ನು ಜಪ್ತಿಮಾಡಲು ಹೋದವರಿಗೆ ಸಿಕ್ಕಿದ್ದು ಅತ್ಯಲ್ಪ. ಅವನು ಚಾಪೆಯ ಮೇಲೆ ಮಲಗಿ ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದನೆಂದು ಹೇಳುವುದುಂಟು. ಮರುವರ್ಷವೇ ಸುಲ್ತಾನನೂ ತೀರಿಕೊಂಡ. ರಾಜ್ಯ ಕ್ರಮೇಣ ವಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ್ ಎಂದು ಐದು ಹೋಳಾಯಿತು. ಗವಾನನ ಸರಳ ಗೋರಿ ಊರ ಹೊರಗೆ ಗೋರನಳ್ಳಿಯ ಬಳಿ ಇದೆ. ಮದರಸಾ ನೋಡಿದವರು ಅದನ್ನೂ ನೋಡಿ ಬರಬೇಕು.

ಬೀದರ್ 1619ರಲ್ಲಿ ವಿಜಾಪುರಕ್ಕೆ, 1657ರಲ್ಲಿ ಔರಂಗಜೇಬನ ಕೈಗೆ ಹೋಯಿತು. ಇಪ್ಪತ್ತೇಳು ದಿನಗಳ ಆ ಮುತ್ತಿಗೆಯ ಕೊನೆಗೆ ಕೋಟೆಯ ಮದ್ದಿನ ಸಂಗ್ರಹಕ್ಕೆ ಬೆಂಕಿ ತಗುಲಿ, ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ತೀವ್ರವಾಗಿ ಗಾಯಗೊಂಡು ಸತ್ತ. ಮೊಗಲರ ಕಾಲದಲ್ಲಿ ಮದರಸಾ ಸೈನಿಕರ ವಸತಿಯಾಗಿ, ಮದ್ದಿನ ಕೋಠಿಯಾಗಿ ಬಳಕೆಯಾಯಿತು. 1690ರ ದಶಕದ ನಡುವೆ ಅಲ್ಲಿಯೂ ಸ್ಫೋಟ ಸಂಭವಿಸಿ ಮುಂಭಾಗದ ಒಂದು ಭಾಗವೂ ಒಂದು ಮಿನಾರೂ ನೆಲಕಚ್ಚಿದವು. ಸಿಡಿಲು ಬಡಿದು ಹಾಗಾಯಿತೆಂದು ಹೇಳುವವರೂ ಇದ್ದಾರೆ. ಹೇಗೇ ಆಗಿರಲಿ, ಪುಸ್ತಕವಿಡಬೇಕಾದ ಕೋಣೆಯಲ್ಲಿ ಮದ್ದು ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಈ ಕಟ್ಟಡ ಸಾಕ್ಷಿ.

ನಾಲಿಗೆಯ ಮೇಲೆ ಮಣ್ಣು

ಮದ್ದಿನ ಮುಖ್ಯ ಅಂಶ ಪೆಟ್ಲುಪ್ಪು. ಬೀದರಿನ ಅತ್ಯಂತ ಪ್ರಸಿದ್ಧ ಕಲೆಗೂ ಅದೇ ಉಪ್ಪಿನ ನಂಟಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಬಿದರಿ ಕೆಲಸದ ಕಪ್ಪು ಹೂಜಿ, ಹುಕ್ಕಾ, ಪಾನ್‌ದಾನ್, ಹೂದಾನಿಗಳನ್ನು ನೀವು ಕರಕುಶಲ ವಸ್ತುಗಳ ಅಂಗಡಿಗಳಲ್ಲಿ ನೋಡಿರುತ್ತೀರಿ. ಮೂಲ ಲೋಹ ಕಬ್ಬಿಣವಲ್ಲ, ಕಪ್ಪು ಬಣ್ಣವೂ ಅಲ್ಲ. ಅದು ಸತು ಮತ್ತು ತಾಮ್ರದ ಮಿಶ್ರಣ. ಸಾಮಾನ್ಯವಾಗಿ ಹದಿನಾರು ಭಾಗ ಸತುವಿಗೆ ಒಂದು ಭಾಗ ತಾಮ್ರ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, 907 ಡಿಗ್ರಿಯಲ್ಲಿ ಆವಿಯಾಗುತ್ತದೆ. ಅದಿರಿನಿಂದ ಅದನ್ನು ಬೇರ್ಪಡಿಸುವಾಗ ಆವಿಯಾಗಿ ಹಾರಿಹೋಗುವುದರಿಂದ ಜಗತ್ತಿನ ಬಹುಭಾಗದಲ್ಲಿ ಶುದ್ಧ ಸತು ಬಹಳ ಕಾಲ ಸಿಗಲಿಲ್ಲ. ಆ ಆವಿಯನ್ನು ಹಿಡಿದು ತಣಿಸುವ ವಿದ್ಯೆ ರಾಜಸ್ಥಾನದ ಝಾವರ್ ಗಣಿಗಳಲ್ಲಿ ಶತಮಾನಗಳ ಹಿಂದೆಯೇ ಬಳಕೆಯಲ್ಲಿತ್ತು. ಅಂಥ ಲೋಹವನ್ನೇ ಮೈಯಾಗಿ ಮಾಡಿಕೊಂಡ ಕಲೆ ಬಿದರಿ.

ಕೆಲಸ ನಡೆಯುವ ಕ್ರಮ ಹೀಗೆ. ಮಣ್ಣಿಗೆ ಹರಳೆಣ್ಣೆ, ರಾಳ ಬೆರೆಸಿ ಅಚ್ಚು ಮಾಡಿ ಎರಕ ಹೊಯ್ಯುತ್ತಾರೆ. ಎರಕ ತೆಗೆದಾಗ ಪಾತ್ರೆ ಬೂದು ಬಣ್ಣದ್ದು. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ದ್ರಾವಣ ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ ಗೀರಿದ ಚಿತ್ರ ಎದ್ದು ಕಾಣುತ್ತದೆ. ಗೀರಿದ ಸಾಲುಗಳನ್ನು ಉಳಿಯಿಂದ ಕೊರೆದು ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ತಂತಿಯ ಕೆಲಸಕ್ಕೆ 'ತಾರ್‌ಕಶಿ', ಆಳವಾಗಿ ಕೂರಿಸಿದ್ದಕ್ಕೆ 'ತೆಹನಿಶಾನ್', ಉಬ್ಬಿ ನಿಂತಿದ್ದಕ್ಕೆ 'ಝರ್‌ಬುಲಂದ್' ಎಂದು ಹೆಸರುಗಳಿವೆ. ಮತ್ತೆ ಉಜ್ಜಿದರೆ ಬೂದು ಲೋಹದಲ್ಲಿ ಬಿಳಿ ಬೆಳ್ಳಿ. ಚಿತ್ರ ಸರಿಯಾಗಿ ಕಾಣುವುದೇ ಇಲ್ಲ. ಕೊನೆಯ ಹಂತದಲ್ಲಿ ಬರುತ್ತದೆ ಆ ಮಣ್ಣು.

ಹಳೆಯ ಕೋಟೆಯಲ್ಲಿ ಬಿಸಿಲು ಮಳೆ ತಾಗದ ಮೂಲೆಗಳಿಂದ ತಂದ ಮಣ್ಣಿಗೆ ನವಸಾಗರ ಬೆರೆಸಿ ನೀರಿನಲ್ಲಿ ಕದಡಿ, ಬೆಚ್ಚಗೆ ಮಾಡಿದ ಪಾತ್ರೆಯ ಮೇಲೆ ಉಜ್ಜುತ್ತಾರೆ. ನೋಡುನೋಡುತ್ತಿದ್ದಂತೆ ಸತು ತಾಮ್ರದ ಮೈ ಗಾಢ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಆ ಒಂದಿಷ್ಟು ತಾಮ್ರ ಇರದಿದ್ದರೆ ಈ ಕಪ್ಪು ಬರುವುದಿಲ್ಲ. ಹಳೆಯ ಕಟ್ಟಡಗಳ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಕೆಲಸದಿಂದ ನೈಟ್ರೇಟ್ ಲವಣಗಳು, ಅಂದರೆ ಪೆಟ್ಲುಪ್ಪಿನ ಜಾತಿಯವು, ಕೂಡಿಕೊಳ್ಳುತ್ತವೆ. ಮಳೆ ಬಿದ್ದರೆ ತೊಳೆದುಹೋಗುತ್ತವೆ. ಆದ್ದರಿಂದಲೇ ಮಳೆ ತಾಗದ ಮೂಲೆಯ ಮಣ್ಣು ಬೇಕು. ಮಣ್ಣು ಸರಿಯಾಗಿದೆಯೇ ಎಂದು ಕುಶಲಕರ್ಮಿ ತಿಳಿಯುವುದು ಹೇಗೆ? ಚಿಟಿಕೆಯಷ್ಟನ್ನು ನಾಲಿಗೆಯ ಮೇಲಿಟ್ಟು! ಪ್ರಯೋಗಾಲಯದಲ್ಲಿ ನಾವು ಕಲಿತದ್ದನ್ನು ಇವರು ಮನೆಯಲ್ಲಿ ಅಪ್ಪನಿಂದ, ಅಜ್ಜನಿಂದ ಕಲಿತಿದ್ದಾರೆ.

ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಬೀದರಿನ ಹಿರಿಯ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಇವು ಸಂತೋಷದ ಸಂಗತಿಗಳು. ಆದರೆ ಬೆಳ್ಳಿಯ ಬೆಲೆ ಏರುತ್ತಲೇ ಇದೆ. ಒಂದು ಹೂಜಿಗೆ ದಿನಗಟ್ಟಲೆ ಬೆನ್ನು ಬಾಗಿಸಿ ಕೂರಬೇಕು. ಮಕ್ಕಳು ಬೇರೆ ಕೆಲಸ ಹುಡುಕಿಕೊಳ್ಳುವುದು ಸಹಜ. ಕೊಳ್ಳುವವರು ಚೌಕಾಸಿ ಮಾಡುವ ಮುನ್ನ ಈ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು.

ಎಲೆಯ ಮುಂದೆ

ಊರು ನೋಡಿದ ಮೇಲೆ ಊಟದ ಮಾತು. ಇಲ್ಲಿಯೂ ಇತಿಹಾಸ ಬಿಡುವುದಿಲ್ಲ.

ಮೊದಲ ಪಂಕ್ತಿ ಗುರುದ್ವಾರದ ಲಂಗರಿನದು. ನಾನಕ್ ಝೀರಾದಲ್ಲಿ ಯಾರೇ ಹೋದರೂ ಊಟ ಸಿಗುತ್ತದೆ. ಹಣ ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿ ಸಾಲಿನಲ್ಲಿ ನೆಲದ ಮೇಲೆ ಕುಳಿತರಾಯಿತು, ರೊಟ್ಟಿ ದಾಲ್ ಬರುತ್ತದೆ. ಪಂಜಾಬಿಗೂ ಬೀದರಿಗೂ ಇನ್ನೊಂದು ನಂಟಿದೆ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಸ್ಥಾಪಿಸಿದಾಗ ತಲೆ ಕೊಡಲು ಮುಂದೆ ಬಂದ ಐವರು 'ಪಂಚ ಪ್ಯಾರೆ'ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ವೃತ್ತಿಯಿಂದ ಕ್ಷೌರಿಕರು ಎಂಬುದು ಸಿಖ್ ಪರಂಪರೆ.

ಎರಡನೆಯದು ಬಿರಿಯಾನಿ. ಈಗಿನ ಬಸವಕಲ್ಯಾಣದ ನವಾಬರು ಹೈದರಾಬಾದಿಗೆ ಹೋಗಿ ನೆಲೆಸಿದಾಗ ಅವರ ಹವೇಲಿಯ ಅಡುಗೆಮನೆಯಿಂದ ಹುಟ್ಟಿದ್ದು 'ಕಲ್ಯಾಣಿ ಬಿರಿಯಾನಿ' ಎನ್ನುತ್ತಾರೆ. ಎಮ್ಮೆಯ ಮಾಂಸದ ಸಣ್ಣ ತುಂಡುಗಳು, ಟೊಮೆಟೊ, ಜೀರಿಗೆ, ಕೊತ್ತಂಬರಿ, ಕೇಸರಿಯ ಆಡಂಬರವಿಲ್ಲ. ನವಾಬರ ಹೆಸರು ಹೊತ್ತರೂ ಅದು ಬಡವರ ಬಿರಿಯಾನಿಯಾಗಿ ಹೆಸರಾಯಿತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಕಾಯಕ ದಾಸೋಹಗಳ ಮಾತು ಹೇಳಿದ ಕಲ್ಯಾಣವೇ ಹೈದರಾಬಾದಿನ ಗಲ್ಲಿಯ ಒಂದು ತಟ್ಟೆಗೂ ಹೆಸರು ಕೊಟ್ಟಿದೆ.

ಮೂರನೆಯದು, ಹೋಟೆಲಿನಲ್ಲಿ ಸಿಗದ ಊಟ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ದಿನನಿತ್ಯದವು. ಆದರೆ ಎಳ್ಳಮಾವಾಸ್ಯೆಯ ದಿನ ಬೀದರ್ ಸೀಮೆಯ ರೈತರು ಮನೆಯವರನ್ನೆಲ್ಲ ಕರೆದುಕೊಂಡು ಹೊಲಕ್ಕೆ ಹೋಗುತ್ತಾರೆ. ಹಿಂಗಾರಿ ಪೈರು ನಿಂತಿರುವ ಕಾಲ. ಹೊಲದಲ್ಲಿ ಪೂಜೆ ಮಾಡಿ ಭೂತಾಯಿಗೆ ಚರಗ ಚೆಲ್ಲಿ, ಆಮೇಲೆ ಊಟ. ಅಂದಿನ ವಿಶೇಷ 'ಭಜ್ಜಿ'. ಇದು ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ. ಹೊಲದಲ್ಲಿ ಆ ಹೊತ್ತಿಗೆ ಸಿಗುವ ಹಸಿ ಕಾಳುಗಳು, ಸೊಪ್ಪುಗಳು, ತರಕಾರಿಗಳು ಎಲ್ಲವನ್ನೂ ಒಟ್ಟಿಗೆ ಬೇಯಿಸಿ ಕಡಲೆಹಿಟ್ಟು ಹುಣಸೆಹುಳಿ ಬೆರೆಸಿದ ಗಟ್ಟಿ ಪಲ್ಯ. ಜೊತೆಗೆ ಸಜ್ಜೆ ರೊಟ್ಟಿ, ಜೋಳದ ನುಚ್ಚಿಗೆ ಮಜ್ಜಿಗೆ ಬೆರೆಸಿದ ತಂಪಾದ ಅಂಬಲಿ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುವುದು ಪದ್ಧತಿ; ಕರೆಯುವಾಗ ಧರ್ಮ ಅಡ್ಡ ಬರುವುದಿಲ್ಲ. ಡಿಸೆಂಬರ್ ಜನವರಿಯಲ್ಲಿ ಆ ಕಡೆ ಹೋಗುವವರಿಗೆ ಪರಿಚಯದವರಿದ್ದರೆ ಈ ಊಟ ತಪ್ಪಿಸಿಕೊಳ್ಳಬೇಡಿ.

ಬೀದರಿನ ಮಾತೂ ಭಜ್ಜಿಯ ಹಾಗೆಯೇ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಎಲ್ಲ ಒಂದೇ ಪಾತ್ರೆಯಲ್ಲಿ. ದಖನಿ ಭಾಷೆಯ ಅತ್ಯಂತ ಹಳೆಯ ಕಥನಕಾವ್ಯವೆನ್ನಲಾದ 'ಕದಂರಾವ್ ಪದಂರಾವ್' ಫಕ್ರುದ್ದೀನ್ ನಿಜಾಮಿಯಿಂದ ಬಹಮನಿ ಕಾಲದ ಈ ಸೀಮೆಯಲ್ಲೇ ರಚಿತವಾಯಿತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ನಮ್ಮ ರಾಜ್ಯಕ್ಕೆ ಸೇರಿದ ಈ ಊರಿನ ಮಾತನ್ನು 'ಶುದ್ಧ ಕನ್ನಡವಲ್ಲ' ಎನ್ನುವವರು ಅಲ್ಲಿಯ ಊಟವನ್ನೊಮ್ಮೆ ಉಣ್ಣಬೇಕು.

ಅಷ್ಟೂರಿನ ಜಾತ್ರೆ

ಊರಿನಿಂದ ಮೂರು ಕಿಲೋಮೀಟರು ಪೂರ್ವಕ್ಕೆ ಅಷ್ಟೂರಿನಲ್ಲಿ ಬಹಮನಿ ಅರಸರ ಗುಮ್ಮಟಗಳು ಸಾಲಾಗಿ ನಿಂತಿವೆ. ಸಾಲನ್ನು ನೋಡಿದರೆ ಇತಿಹಾಸ ಪುಸ್ತಕ ಬೇಕಿಲ್ಲ: ಮೊದಲಿನವು ಭಾರಿ, ಕೊನೆಯ ಕೈಗೊಂಬೆ ಅರಸರವು ಪುಟ್ಟವು. ನಡುವೆ ಹುಮಾಯೂನನ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧ ಮಾತ್ರ ಉಳಿದಿದೆ. ಗುಮ್ಮಟವೊಂದರ ಒಳರಚನೆಯನ್ನು ಕತ್ತರಿಸಿ ತೋರಿಸಿದಂತಿರುವ ಅದು ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಇವುಗಳಲ್ಲಿ ಮುಖ್ಯವಾದದ್ದು ರಾಜಧಾನಿ ತಂದ ಅಹಮದ್ ಶಹಾನದು. ಒಳಗೆ ಗೋಡೆಯಿಂದ ಗುಮ್ಮಟದ ನೆತ್ತಿಯವರೆಗೆ ಕೆಂಪು, ನೀಲಿ, ಬಂಗಾರದ ಬಣ್ಣದಲ್ಲಿ ಬರೆದ ಬಳ್ಳಿ ಅಕ್ಷರಗಳು. ಬ್ಯಾಟರಿ ದೀಪ ಹಿಡಿದು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾದು ನೋಡಿ. ಜನ ಈ ಅರಸನನ್ನು 'ವಲಿ', ಅಂದರೆ ಸಂತ ಎಂದು ನಂಬಿದ್ದಾರೆ. ಅನೇಕ ಹಿಂದೂಗಳಿಗೆ ಅವನು ಅಲ್ಲಮಪ್ರಭುವಿನ ರೂಪ. ಅವನ ಉರುಸು ನಡೆಯುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಹೋಳಿಯ ನಂತರದ ದಿನಗಳಲ್ಲಿ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದ ಮೇಲೆಯೇ ಅದಕ್ಕೆ ಕಳೆ. ಸುಲ್ತಾನನ ಗೋರಿಗೆ ಲಿಂಗಾಯತ ಗುರು ಹೂವೇರಿಸುವ ಈ ದೃಶ್ಯವನ್ನು ಯಾವ ಇಲಾಖೆಯೂ ಏರ್ಪಡಿಸಿದ್ದಲ್ಲ. ಜನ ತಾವೇ ಮಾಡಿಕೊಂಡು ಬಂದ ಏರ್ಪಾಡು ಇದು. ಕರೇಜಿನ ಹಾಗೆ ಇದೂ ನೆಲದೊಳಗೆ ಹರಿಯುವ ನೀರು. ಅದಕ್ಕೂ ಹೂಳು ತುಂಬದಂತೆ ನೋಡಿಕೊಳ್ಳಬೇಕು.

ಹೋಗುವವರಿಗೆ ಎರಡು ಮಾತು

ಬೀದರಿಗೆ ಕನಿಷ್ಠ ಎರಡು ದಿನ ಬೇಕು. ಮೊದಲ ದಿನ ಬೆಳಿಗ್ಗೆ ಕೋಟೆ. ಬಿಸಿಲೇರುವ ಮುನ್ನ ರಂಗೀನ್ ಮಹಲ್, ಸೋಲಾ ಖಂಬ. ಅಲ್ಲಿಂದ ಮದರಸಾಕ್ಕೆ ನಡೆದೇ ಹೋಗಬಹುದು. ದಾರಿಯಲ್ಲಿ ನಾಲ್ಕು ರಸ್ತೆ ಕೂಡುವಲ್ಲಿ 71 ಅಡಿ ಎತ್ತರದ ಚೌಬಾರಾ ಕಾವಲು ಗೋಪುರ. ಮಧ್ಯಾಹ್ನ ಬಿದರಿ ಕೆಲಸಗಾರರ ಬೀದಿ. ಕೊಳ್ಳದಿದ್ದರೂ ಕುಳಿತು ಕೆಲಸ ನೋಡಿ. ಸಂಜೆ ಅಷ್ಟೂರು. ಎರಡನೆಯ ದಿನ ಝರಣಿ, ಝೀರಾ, ಪಾಪನಾಶ, ನೌಬಾದಿನ ಕರೇಜ್, ಕೊನೆಗೆ ನಾಲ್ಕೂ ದಿಕ್ಕಿಗೆ ತೆರೆದ ಅಲಿ ಬರೀದನ ಗುಮ್ಮಟ. ಓದಬಯಸುವವರಿಗೆ ಹೈದರಾಬಾದಿನ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಸ್ಮಾರಕಗಳ ಕುರಿತ ದೊಡ್ಡ ಗ್ರಂಥವಿದೆ. ಅದಕ್ಕೆ ಸಮನಾದದ್ದು ಅಪರೂಪ.

2014ರಲ್ಲಿ ದಖನ್ ಸುಲ್ತಾನರ ಸ್ಮಾರಕಗಳ ಭಾಗವಾಗಿ ಬೀದರ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಟ್ಟಿಗಳು ಬೇಕು, ಅವುಗಳಿಂದ ಹಣವೂ ಗಮನವೂ ಬರುತ್ತವೆ. ಆದರೆ ಒಂದು ಊರನ್ನು ಕಾಪಾಡುವುದು ಅಲ್ಲಿಯ ಜನ ತಮ್ಮ ಕಾಲ ಕೆಳಗೆ ಏನಿದೆ ಎಂದು ಬಲ್ಲ ಮೇಲೆಯೇ. ನಿಮ್ಮ ಊರಿನಲ್ಲೂ ಒಂದು ಹಳೆಯ ಬಾವಿ, ಕಲ್ಯಾಣಿ, ಕಾಲುವೆ ಇದ್ದೇ ಇರುತ್ತದೆ. ಅದಕ್ಕೆ ನೀರು ಎಲ್ಲಿಂದ ಬರುತ್ತಿತ್ತು, ಯಾವಾಗ ನಿಂತಿತು ಎಂದು ಮನೆಯ ಹಿರಿಯರನ್ನು ಕೇಳಿ ತಿಳಿದು ನಮಗೊಂದು ಕಾಗದ ಬರೆಯಿರಿ. ಮುಂದಿನ ಸಂವಾದಕ್ಕೆ ಅದಕ್ಕಿಂತ ಒಳ್ಳೆಯ ವಿಷಯ ಬೇರೆ ಬೇಕಾಗಿಲ್ಲ.